ಖಾನಾಪುರದ ಗುಡ್ಡದ ಎತ್ತರ

ಇದನ್ನು ಹೇಳುವುದನ್ನು ಇಷ್ಟು ವರ್ಷ ಮುಂದೂಡುತ್ತಲೇ ಬಂದೆ. ಎಂಬತ್ತರ ದಶಕದ ಆರಂಭದಲ್ಲಿ ಟಿಳಕವಾಡಿಯ ನಮ್ಮ ಆಫೀಸಿಗೆ ಒಬ್ಬ ಎಂಜಿನಿಯರ್ ಸಾಹೇಬರು ಬಂದರು. ಖಾನಾಪುರದ ಗುಡ್ಡಗಳಾಚೆಯ ವಿಮಾನ ಸೈನ್ಯದ ರಡಾರಿಗೆ ಕಾಣುತ್ತದೆಯೇ ಎಂದು, ವಿಮಾನ ಹಾರಿಸದೆ, ಕಂಪ್ಯೂಟರಿನಲ್ಲೇ ಲೆಕ್ಕ ಹಾಕುವುದು ಅವರ ಕೆಲಸ. ನಕ್ಷೆ ನೋಡಿ ಗುಡ್ಡಗಳ ಎತ್ತರವನ್ನು ಕಂಪ್ಯೂಟರ್ ಓದುವ ಕಾರ್ಡುಗಳಲ್ಲಿ ತೂತು ಹೊಡೆದು ಕೊಡುವುದು ನನ್ನದು. ಸಾಹೇಬರು ಮೇಜಿನ ಮೇಲೆ ಮುಷ್ಟಿಯಿಟ್ಟು, ಒಂದು ಕಣ್ಣು ಮುಚ್ಚಿ ಅದರಾಚೆ ಇಣುಕುತ್ತ, "ಮತ್ತೊಮ್ಮಿ ನೋಡೂಣ್ರಿ" ಎನ್ನುತ್ತಿದ್ದರು.

ಎಷ್ಟು ಸಲ ನೋಡಿದರೂ ಲೆಕ್ಕದಲ್ಲಿ ವಿಮಾನ ಕಾಣಲಿಲ್ಲ. "ನಿಮ್ಮ ರಡಾರಿಗೆ ಚಸ್ಮಾ ಹಾಕಸ್ರಿ," ಎಂದು ಮ್ಯಾನೇಜರ್ ನಕ್ಕರು. ಸಾಹೇಬರು ತಾವೇ ಗುಡ್ಡ ಹತ್ತಿ ಬಂದರು. "ಇಷ್ಟು ಎತ್ತರ ಇಲ್ರಿ, ಖರೇನ."

ಅಷ್ಟರಲ್ಲಿ ನನ್ನ ತಪ್ಪು ನನಗೆ ತಿಳಿದಿತ್ತು. ಹಳೆಯ ನಕ್ಷೆಯ ಅಡಿಗಳನ್ನು ಮೀಟರ್ ಎಂದು ಹೊಡೆದಿದ್ದೆ; ಲೆಕ್ಕದಲ್ಲಿ ಗುಡ್ಡ ಮೂರು ಪಟ್ಟು ಎತ್ತರವಾಗಿತ್ತು. ಯಾರಿಗೂ ಹೇಳದೆ ಕಾರ್ಡು ಬದಲಿಸಿದೆ. ಈ ಸಲ ವಿಮಾನ ಕಂಡಿತು.

"ಗುಡ್ಡ ಕುಗ್ಗೇತೇನ್ರಿ? ನೀವ ಅಂಕಿ ತಿದ್ದೀರಿ," ಎಂದು ಸಾಹೇಬರ ಮೇಲೆ ಮ್ಯಾನೇಜರ್ ಸಿಟ್ಟಾದರು. ನನ್ನನ್ನೂ ಕೇಳಿದರು: "ಕಾರ್ಡು ನೀ ಮುಟ್ಟೀಯೇನೋ?"

ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು, "ಅವರನ್ಯಾಕ ಎಳೀತೀರಿ? ಅಂಥಾ ಮನಶ್ಯಾ ಅಲ್ರಿ ಅವರು," ಎಂದರು. ನಾನು ಹೌದೆಂದು ತಲೆಯಾಡಿಸಿದೆ.

ಮರುವಾರ ಸಾಹೇಬರನ್ನು ಆ ಕೆಲಸದಿಂದ ತೆಗೆದರು. ಸ್ಟೇಷನ್ನಿಗೆ ಅವರ ಟ್ರಂಕು ಹೊತ್ತವನು ನಾನೇ. ಆ ಎಂಜಿನಿಯರ್ ಸಾಹೇಬರಿಗೆ ತಪ್ಪಾಯಿತು ಎಂದು ನಾನು ಆಗಲೂ ಹೇಳಲಿಲ್ಲ, ಇಂದಿಗೂ ಹೇಳಿಲ್ಲ.