ಅವರ ಹೆಸರಿನ ಒಂದು ಸಾಲು

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ಬಹಳ ಕಾಲ ಶಿಸ್ತು ಎಂದು ಕರೆದುಕೊಂಡು ಬದುಕಿದೆ. ಮುಂಬೈ ಪಕ್ಕದ ಐರೋಲಿಯ ಕಂಪನಿಯಲ್ಲಿ ಸಂಬಳದ ಕೆಲಸ. ಬೆಳಗಾಗೆದ್ದರೆ ಮಾಜಿವಾಡಾದ ಮನೆಯಲ್ಲಿ ಸಂಬಳವಿಲ್ಲದ ಇನ್ನೊಂದು: ಹಳೆಯ ಕನ್ನಡ ಪುಟಗಳ ಫೋಟೋ ಕೊಟ್ಟರೆ ಅದನ್ನು ಓದಿ ಟೈಪ್ ಮಾಡಿಕೊಡುವ ಓಪನ್ ಸೋರ್ಸ್ ತಂತ್ರಾಂಶ. ಯಾರು ಬೇಕಾದರೂ ಅದರ ಕೋಡ್ ನೋಡಬಹುದು, ತಿದ್ದಿ ಕಳಿಸಬಹುದು. ಒಳಗೆ ಸೇರಿಸುವ ಅಧಿಕಾರ ಮಾತ್ರ ನನ್ನೊಬ್ಬನದು.

ಠಾಣೆ ಊರಿನ ಕನ್ನಡ ಸಂಘದಲ್ಲಿ ಒಂದು ಭಾನುವಾರ ಕೈಗೆ ಮೈಕ್ ಸಿಕ್ಕಿತು. "ಎಲ್ಲರೂ ಬನ್ನಿ, ಕೈ ಜೋಡಿಸಿ, ಹೊಸಬರಿಗೆ ನಾನೇ ಹೇಳಿಕೊಡ್ತೀನಿ" ಎಂದು ಉದ್ದುದ್ದ ಭಾಷಣ ಬಿಗಿದೆ. ಚಪ್ಪಾಳೆ ತಟ್ಟಿದವರೆಲ್ಲ ಉಪ್ಪಿಟ್ಟಿನ ಕಡೆ ಹೋದರು. ಡೊಂಬಿವಲಿಯಿಂದ ಬಂದಿದ್ದ, ನಲವತ್ತು ದಾಟಿದ ಕರಾವಳಿಯ ಹೆಂಗಸೊಬ್ಬರು ಮಾತ್ರ ನನ್ನ ಹತ್ತಿರ ಬಂದರು. ಭಾವನ ಹೋಟೆಲಿನ ಕೌಂಟರಿನಲ್ಲಿ ಕೂರುತ್ತಿದ್ದರಂತೆ. ಮಗಳು ಕಾಲೇಜು ಸೇರಿದ ಮೇಲೆ ಕೋಡಿಂಗ್ ಕಲಿತಿದ್ದರು. "ಸರ್, ಇಂಟರ್‌ವ್ಯೂಗೆ ಹೋದಲ್ಲೆಲ್ಲ ಎಂತ ಕೆಲಸ ಮಾಡಿದ್ದೀರಿ ತೋರ್ಸಿ ಅಂತಾರೆ. ನಿಮ್ಮದರಲ್ಲಿ ನನ್ನ ಹೆಸರು ಒಂದು ಬಂದ್ರೆ ತೋರ್ಸ್ಲಿಕ್ಕೆ ಆಗ್ತದೆ" ಎಂದರು. "ಖಂಡಿತ" ಎಂದೆ.

ಅವರು ಆರಿಸಿಕೊಂಡದ್ದು ನಾನು ಎರಡು ವರ್ಷದಿಂದ ಮುಂದೂಡುತ್ತಿದ್ದ ತೊಂದರೆಯನ್ನು. ಎರಡು ಕಾಲಂ ಇರುವ ಪುಟವನ್ನು ನನ್ನ ತಂತ್ರಾಂಶ ಅಡ್ಡಡ್ಡ ಓದಿ, ಎಡಗಡೆಯ ಮದುವೆ ಸುದ್ದಿಗೆ ಬಲಗಡೆಯ ಸಾವಿನ ಸುದ್ದಿ ಅಂಟಿಸುತ್ತಿತ್ತು. ನಡುವಿನ ಖಾಲಿ ಜಾಗವನ್ನು ಮೊದಲು ಅಳೆಯಬೇಕು ಎಂಬ ಉಪಾಯ ಅವರದು. ಉಪಾಯ ಸರಿಯಾಗಿತ್ತು. ನನಗೆ ಹೊಟ್ಟೆ ಉರಿದದ್ದೂ ಅದಕ್ಕೇ.

ತಪ್ಪು ಹುಡುಕಿದೆ. ಸಾಲು ಉದ್ದವಾಯಿತು ಎಂದೆ, ವಿವರಣೆ ಸಾಲದು ಎಂದೆ. ಅವರು ಪ್ರತಿ ಸಲವೂ "ಆಯ್ತು ಸರ್" ಎಂದು ತಿದ್ದಿ ಕಳಿಸಿದರು. ಆರನೆಯ ಸಲ, ಎಲ್ಲರಿಗೂ ಕಾಣುವ ಜಾಗದಲ್ಲೇ, "ಇದು ಟ್ಯೂಷನ್ ಕ್ಲಾಸ್ ಅಲ್ಲ" ಎಂದು ಬರೆದು ತಿರಸ್ಕರಿಸಿದೆ. ಮರುದಿನ ಕಾಫಿ ಆರುವುದರೊಳಗೆ ಅದೇ ಉಪಾಯವನ್ನು ನಾನೇ ಬರೆದು ಸೇರಿಸಿದೆ. ಹೀಗೆ ಸೇರಿಸಿದಾಗ ನನ್ನ ಹೆಸರು ತಾನಾಗಿಯೇ ದಾಖಲಾಗುತ್ತದೆ. ಇನ್ನೊಬ್ಬರ ಪಾಲಿದ್ದರೆ ಅವರ ಹೆಸರನ್ನು ಕೆಳಗೆ ಒಂದು ಸಾಲಿನಲ್ಲಿ ಬರೆಯುವುದು ಪದ್ಧತಿ. ಆ ಸಾಲನ್ನು ನಾನು ಬರೆಯಲಿಲ್ಲ.

ಅವರ ಫೋನ್ ಬಂತು. "ಸರ್, ಎರಡು ಕಾಲಂ ಈಗ ಸರಿ ಓದ್ತದೆ. ಆದ್ರೆ ನನ್ನ ಹೆಸರು ಎಲ್ಲಿಯೂ ಕಾಣುದಿಲ್ಲ ಅಲ್ವಾ?"

"ರೀ, ಹೆಸರಿಗೋಸ್ಕರ ಕೆಲಸ ಮಾಡೋರು ಇಲ್ಲಿಗೆ ಬರಲೇಬಾರದು."

ಅವರು "ತಪ್ಪಾಯ್ತು ಸರ್" ಎಂದರು. ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಹೆಂಡತಿ, "ಆಯಮ್ಮನ ಹೆಸರು ಹಾಕಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದಳು. "ನಿಂಗೆ ಇದೆಲ್ಲ ಅರ್ಥ ಆಗಲ್ಲ, ಸುಮ್ನಿರು" ಎಂದೆ. ಅವಳಿಗೆ ಚೆನ್ನಾಗಿಯೇ ಅರ್ಥವಾಗಿತ್ತು.

ಎರಡು ತಿಂಗಳ ಮೇಲೆ ಆಫೀಸಿನಲ್ಲಿ, ನೇಮಕಾತಿ ನೋಡಿಕೊಳ್ಳುವ ಸಹೋದ್ಯೋಗಿ ಒಂದು ರೆಸ್ಯೂಮೆ ಹಿಡಿದು ನನ್ನ ಮೇಜಿಗೆ ಬಂದ. ಅವರದೇ. "ಬಾಕಿ ಸಬ್ ಠೀಕ್ ಹೈ. ತೇರೇ ಪ್ರಾಜೆಕ್ಟ್ ಮೇ ಕಾಮ್ ಕಿಯಾ ಬೋಲ್ತೀ ಹೈ. ಸಚ್ ಹೈ ಕ್ಯಾ?" ಎಂದ. ಉಳಿದದ್ದೆಲ್ಲ ಸರಿಯಿತ್ತು, ನನ್ನ ತಂತ್ರಾಂಶಕ್ಕೆ ಅವರು ಕೆಲಸ ಮಾಡಿದ್ದು ನಿಜವೇ ಎಂಬುದಕ್ಕೆ ಅವನಿಗೆ ಬೇಕಾದದ್ದು ನನ್ನ ಒಂದು ಹೌದು. ಹೌದೆಂದರೆ ನಾನು ಕದ್ದದ್ದನ್ನೂ ಹೇಳಬೇಕಾಗುತ್ತಿತ್ತು. ಕೈ ಜೋಡಿಸಿದವರ ಪಟ್ಟಿ ತೆರೆದು, ಅವರ ಹೆಸರಿಲ್ಲದ ಆ ಪರದೆಯನ್ನು ಅವನ ಕಡೆ ತಿರುಗಿಸಿ, "ನಾಮ್ ತೋ ನಹೀ ಹೈ, ದೇಖ್" ಎಂದೆ. ಅವನು ರೆಸ್ಯೂಮೆಯ ಮೇಲೆ ಅಡ್ಡಗೀಟು ಎಳೆದು, ಕರೆದು ಹೇಳಿಬಿಡುತ್ತೇನೆಂದು ಹೋದ.

ಊಟಕ್ಕೆಂದು ಹೊರಗೆ ಬಂದರೆ ಅವರು ರಿಸೆಪ್ಷನ್ನಿನಲ್ಲಿ ಕೂತಿದ್ದರು. ಇಸ್ತ್ರಿ ಮಾಡಿದ ಹತ್ತಿ ಸೀರೆ, ತೊಡೆಯ ಮೇಲೆ ಫೈಲು. ನನ್ನನ್ನು ಕಂಡದ್ದೇ ಎದ್ದು ನಿಂತರು. ಮುಖ ಅರಳಿತು.

"ಸರ್, ಈಗಷ್ಟೇ ಒಳಗೆ ಬರ್ಲಿಕ್ಕೆ ಹೇಳಿದ್ರು. ನೀವೇ ನನ್ನ ಬಗ್ಗೆ ಹೇಳಿರ್ಬೇಕು ಅಲ್ವಾ? ಅವತ್ತು ಹೆಸರು ಹೆಸರು ಅಂತ ಕೇಳಿದ್ದಕ್ಕೆ ಬೇಜಾರು ಮಾಡ್ಬೇಡಿ ಮಾರಾಯ್ರೆ. ನಿಮ್ಮ ಉಪಕಾರ ಮರೆಯುದಿಲ್ಲ."

"ಹೋಗಿ ಬನ್ನಿ" ಎಂದೆ. ಅವರು ಸೆರಗು ಸರಿಪಡಿಸಿಕೊಂಡು ಒಳಗೆ ಹೋದರು. ನಾನು ಊಟಕ್ಕೆ ಹೋದೆ.