ಮಾವನ ತಗಡಿನ ತಟ್ಟೆ

ನಾನು ಬಳ್ಳಾರಿಯಿಂದ ಕುರುಗೋಡಿನ ಮಾವನ ಮನೆಗೆ ಹೋದಾಗಲೆಲ್ಲ ಅವರು ಮೊದಲು ಮಾಡುತ್ತಿದ್ದ ಕೆಲಸ, ನನ್ನ ಹಳೇ ಕಾರಿನ ಕೆಳಗೆ ಒಂದು ತಗಡಿನ ತಟ್ಟೆ ತಳ್ಳುವುದು. ಸೋರುವ ಎಂಜಿನ್ ಆಯಿಲ್ ಅವರ ಅಂಗಳದ ಕಲ್ಲಿನ ಮೇಲೆ ಬೀಳಬಾರದಲ್ಲ! ಆಮೇಲೆಯೇ "ಬರ್ರಿ, ನೀರು ಕುಡೀರಿ" ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎರಡು ಸಲ ಎಂಜಿನ್ನಿನ ತಳದ ಸಂದು ಮುಚ್ಚುವ ಪ್ಯಾಕಿಂಗ್ ಬದಲಿಸಿದರೂ ಸೋರುವುದು ನಿಲ್ಲಲಿಲ್ಲ. ಕೊನೆಗೆ ಸಿರುಗುಪ್ಪದ ಒಬ್ಬ ಮೆಕ್ಯಾನಿಕ್ ಎಂಜಿನ್ ಒರೆಸಿ ಒಣಗಿಸಿ, ಅದರ ಹೊರಮೈಗೆಲ್ಲ ಮುಖದ ಪೌಡರ್ ಉದುರಿಸಿ ಗಾಡಿ ಚಾಲೂ ಮಾಡಿದ. ಸ್ವಲ್ಪ ಹೊತ್ತಿಗೆ ಬಿಳಿ ಪುಡಿಯ ಮೇಲೆ ಒಂದು ಕರಿ ಗೆರೆ ಮೇಲಿನಿಂದ ಇಳಿಯಿತು. "ಸೋರೋದು ಮ್ಯಾಲ್ರಿ, ನೀವು ಬರೇ ಕೆಳಗ ನೋಡೀರಿ" ಎಂದು ಮೇಲಿನ ಮುಚ್ಚಳದ ಪ್ಯಾಕಿಂಗ್ ಬದಲಿಸಿದ.

ಮುಂದಿನ ಸಲ ಮಾವ ತಟ್ಟೆ ತಂದಾಗ ನಾನೇ ತಡೆದೆ. "ಇನ್ನ ಅದು ಬ್ಯಾಡ್ರಿ ಮಾವಾರ." ಅವರು ಅದನ್ನು ಗೋಡೆಗೆ ಒರಗಿಸಿಟ್ಟರು. ಗೆದ್ದೆ ಅಂದುಕೊಂಡೆ.

ಕೆಲವು ತಿಂಗಳ ಮೇಲೆ ಹೋದರೆ ಅಂಗಳದ ಕಬ್ಬಿಣದ ಗೇಟು ಕಿರ್ರೆಂದು ಕಿರುಚಿತು. ಇಷ್ಟು ವರ್ಷದಲ್ಲಿ ಅದರ ಸದ್ದನ್ನೇ ನಾನು ಕೇಳಿರಲಿಲ್ಲ.

"ಏನಾತ್ರಿ ಇದಕ್ಕ?" ಎಂದೆ.

ಮಾವ ನಕ್ಕರು. "ತಟ್ಟ್ಯಾಗ ಬಿದ್ದ ನಿಮ್ಮ ಗಾಡಿ ಎಣ್ಣೀನ ಹಾಕ್ತಿದ್ನ್ರಿ. ಗೇಟಿಗೆ, ಹಿತ್ತಲ ಬಾಗಲಕ್ಕ, ಬಂಡಿ ಗಾಲಿಗೆ, ಎಲ್ಲಾದಕ್ಕೂ ಅದ. ಈಗ ನಿಂತೈತಲ್ರಿ."

ನಾನು ಬಾನೆಟ್ ಎತ್ತಿ, ಆಯಿಲ್ ಅಳತೆ ನೋಡುವ ಕಡ್ಡಿಯನ್ನು ಎಳೆದುಕೊಂಡು, ತುದಿಯ ಹನಿ ನೆಲಕ್ಕೆ ಬೀಳದಂತೆ ಕೈ ಒಡ್ಡಿ ಗೇಟಿನ ಕೀಲುಗಳ ಕಡೆ ನಡೆದೆ.