ಉಮ್ಮನ ಕ್ಯಾಸೆಟ್ಟೂ ನನ್ನ ಬಿಡುವೂ

ಬಿ.ಎ. ಕೊನೆಯ ಪರೀಕ್ಷೆ ಬರೆದು ಉಡುಪಿಯಿಂದ ಕಾಪುವಿಗೆ ಬಸ್ಸು ಹತ್ತಿದ ದಿನ, ಇನ್ನು ಒಂದು ತಿಂಗಳು ಚಾಪೆ ಬಿಟ್ಟು ಏಳುವುದೇ ಇಲ್ಲ ಎಂದು ನಿಶ್ಚಯಿಸಿಕೊಂಡಿದ್ದೆ. ಮೂರು ವರ್ಷ ಬೆಳಗಿನ ಎಂಟು ಗಂಟೆಯ ಬಸ್ಸಿನಲ್ಲಿ ಒಂಟಿಕಾಲಿನಲ್ಲಿ ನೇತಾಡಿಕೊಂಡು ಹೋದವಳು ನಾನು. ಆದರೆ ಮರುದಿನ ಏಳೂವರೆಗೇ ಸ್ನಾನ ಮಾಡಿ ಜಡೆ ಹಾಕಿ ಆಗಿತ್ತು. ಹೆದ್ದಾರಿಯಲ್ಲಿ ಬಸ್ಸಿನ ಹಾರ್ನ್ ಕೇಳಿದ್ದೇ ತಿನ್ನುತ್ತಿದ್ದ ದೋಸೆ ಬಿಟ್ಟು ಎದ್ದು ನಿಂತೆ.

"ಎಂತ, ಎಲ್ಲಿಗೆ?" ಎಂದಳು ಅಮ್ಮ.

ಎಲ್ಲಿಗೂ ಇಲ್ಲ. ಮತ್ತೆ ಕೂತೆ.

ಒಂದು ವಾರ ಹೀಗೇ ಹೋಯಿತು. ಮಧ್ಯಾಹ್ನವೆಂಬುದು ಇಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಕಡೆಗೆ ಹಳೆಯ ನೋಟ್ ಪುಸ್ತಕದ ಹಾಳೆ ಹರಿದು ಒಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಓದು, ಹೊಲಿಗೆ, ವಿಶ್ರಾಂತಿ, ಮತ್ತೆ ಓದು. ಅಮ್ಮ ಅದರ ಮುಂದೆ ನಿಂತು ಗಂಭೀರವಾಗಿ ಪೂರ್ತಿ ಓದಿದಳು.

"ಅಕ್ಕಿ ಅರೆಯುವುದು ಇದರಲ್ಲಿ ಯಾವ ಪೀರಿಯಡ್?"

ಅಂದು ಸಂಜೆ ಅರೆಯುವ ಕಲ್ಲಿನ ಮುಂದೆ ಕೂತಿದ್ದಾಗಲೇ ಪಕ್ಕದ ಮನೆಯ ಉಮ್ಮ ಕಂಪೌಂಡಿನ ಆಚೆಯಿಂದ ಕರೆದದ್ದು. ಅವರು ಬ್ಯಾರಿ ಮುಸ್ಲಿಮರು, ನಾವು ತುಳುವರು. ಅವರ ಮಕ್ಕಳು ತಾಯಿಯನ್ನು 'ಉಮ್ಮ' ಎಂದು ಕರೆಯುವುದನ್ನು ಕೇಳಿ ಕೇಳಿ ನಾನೂ ಸಣ್ಣಂದಿನಿಂದ ಹಾಗೆಯೇ ಕರೆಯುತ್ತಿದ್ದೆ. ಹೆಣ್ಣುಮಕ್ಕಳಿಬ್ಬರಿಗೆ ಮದುವೆಯಾಗಿತ್ತು. ಒಬ್ಬನೇ ಮಗ ದುಬೈಯಲ್ಲಿದ್ದ. ರಜೆಯಲ್ಲಿ ಬಂದ ಯಾರದೋ ಕೈಯಲ್ಲಿ ಅವನು ಒಂದು ಟೇಪ್‌ರೆಕಾರ್ಡರ್ ಕಳಿಸಿದ್ದ. ಕಾಗದ ಬೇಡ, ಉಮ್ಮನ ಸ್ವರವೇ ಬೇಕು ಎಂದು ಅವನ ಅಪ್ಪಣೆ.

"ನಿನಗೆ ಡಿಗ್ರಿ ಆಯ್ತಲ್ಲ ಮಗಳೇ, ಇದನ್ನು ನಡೆಸಲಿಕ್ಕೆ ಬರ್ತದಾ?"

ನಾನು ಓದಿದ್ದು ಇತಿಹಾಸ. ಆದರೂ ಬರ್ತದೆ ಎಂದೆ. ಅರ್ಧ ಗಂಟೆ ಒಂದೊಂದೇ ಗುಂಡಿ ಒತ್ತಿ ನೋಡಿದ ಮೇಲೆ, ಕೆಂಪು ಗುಂಡಿಯನ್ನೂ ಪಕ್ಕದ್ದನ್ನೂ ಒಟ್ಟಿಗೆ ಒತ್ತಬೇಕು ಎಂಬ ಜ್ಞಾನೋದಯವಾಯಿತು.

ಉಮ್ಮ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು, ಯಂತ್ರದ ಎದುರು ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡರು. ನನ್ನೊಡನೆ ತುಳುವಿನಲ್ಲೂ ಮನೆಯವರೊಡನೆ ಬ್ಯಾರಿಯಲ್ಲೂ ಮಾತಾಡುವ ಉಮ್ಮ, ಯಂತ್ರದೊಡನೆ ಶುದ್ಧ ಕನ್ನಡದಲ್ಲಿ ಶುರುಮಾಡಿದರು. "ನಾವೆಲ್ಲರೂ ಇಲ್ಲಿ ಕ್ಷೇಮ. ನಿನ್ನ ಕ್ಷೇಮಕ್ಕೆ ಆಗಾಗ ಪತ್ರ ಬರೆಯುತ್ತಿರಬೇಕು. ಇತಿ ನಿನ್ನ ತಾಯಿ." ಇಷ್ಟು ವರ್ಷ ಬೇರೆಯವರ ಕೈಯಲ್ಲಿ ಬರೆಸಿದ ಕಾಗದಗಳೆಲ್ಲ ಹೀಗೆಯೇ ಇದ್ದವಲ್ಲ! ಅರ್ಧ ನಿಮಿಷದೊಳಗೆ ಮುಗಿಯಿತು.

"ಉಮ್ಮ, ಇದರಲ್ಲಿ ಒಂದು ಗಂಟೆ ಜಾಗ ಉಂಟು."

"ಅಯ್ಯೋ, ಅಷ್ಟೂ ಖಾಲಿ ಕಳಿಸುವುದಾ? ಅನ್ಯಾಯ!"

ಹಾಗೆ ನನಗೊಂದು ಉದ್ಯೋಗ ಸಿಕ್ಕಿತು. ಕ್ಯಾಸೆಟ್ಟು ತುಂಬಿಸುವುದು. ಮೊದಲು ಉಮ್ಮನ ಕೋಳಿಗಳ ಹಿಂದೆ ಹೋದೆ. ದಿನವಿಡೀ ಗಲಾಟೆ ಮಾಡುವ ಅವು ಯಂತ್ರ ಕಂಡದ್ದೇ ಬಾಯಿ ಮುಚ್ಚಿದವು. ದೀಪಸ್ತಂಭದ ಹತ್ತಿರ ಹೋಗಿ ಕಡಲಿನ ಸದ್ದು ಹಿಡಿದು ತಂದರೆ, ಯಾರೋ ಬೂತಾಯಿ ಮೀನು ಹುರಿಯುತ್ತಿದ್ದಂತೆ ಕೇಳಿತು. ಮೀನು ತರುವ ಹೆಂಗಸಿಗೆ, "ನೀವು ಯಾವಾಗಲೂ ಕೂಗುವ ಹಾಗೆ ಕೂಗಿ, ದುಬೈಗೆ ಹೋಗ್ತದೆ" ಎಂದೆ. ಅವಳು ಬುಟ್ಟಿ ಕೆಳಗಿಟ್ಟು, "ಮೊದಲೇ ಹೇಳಬಾರದಾ ಮಾರಾಯ್ತಿ, ಒಳ್ಳೆ ಸೀರೆ ಉಟ್ಟು ಬರ್ತಿದ್ದೆ" ಎಂದಳು.

ಮೂರನೆಯ ದಿನ ಉಮ್ಮನ ಜಗಲಿಯಲ್ಲಿ ಕೋಳಿಗಳಿಗಾಗಿ ಕಾಯುತ್ತ ಕೂತಿದ್ದೆ. ಅಮ್ಮ ಹುಡುಕಿಕೊಂಡು ಬಂದಳು.

"ಅಲ್ಲ, ಡಿಗ್ರಿ ಮಾಡಿದ ಹುಡುಗಿ ನೀನು! ಮನೆಯಲ್ಲಿ ಒಂದು ತೆಂಗಿನಕಾಯಿ ತುರಿದು ಕೊಡುವವರಿಲ್ಲ, ಇಲ್ಲಿ ಕೋಳಿಯ ಸಂದರ್ಶನ ಮಾಡ್ತಾ ಇದ್ದೀಯಾ?"

"ಬಿಡಿ ಅಕ್ಕ, ಮಕ್ಕಳು ಹತ್ತಿರ ಇರುವಾಗ ಬೈಯಲಿಕ್ಕಾದರೂ ಆಗ್ತದೆ" ಎಂದರು ಉಮ್ಮ. ಅಲ್ಲಿಂದ ಇಬ್ಬರೂ ಮೆಟ್ಟಿಲ ಮೇಲೆ ಕೂತು ಮಾತಿಗಿಳಿದರು. ಮಗ ಊರಲ್ಲಿಲ್ಲದ ಕಾರಣ ಈ ಸಲ ಎಲೆಯಲ್ಲಿ ಸುತ್ತಿ ಬೇಯಿಸುವ ಹಲಸಿನ ಹಣ್ಣಿನ ಗಟ್ಟಿ ಮಾಡಲು ಉಮ್ಮನಿಗೆ ಮನಸ್ಸೇ ಬಂದಿಲ್ಲ. ಅವನ ಅಂಗಿಯೊಂದನ್ನು ಇನ್ನೂ ಮಡಚಿ ಇಟ್ಟಿದ್ದಾರೆ. ಬಾವಿಕಟ್ಟೆಯಲ್ಲಿ ಜಾರಿಬಿದ್ದು ಹದಿನೈದು ದಿನ ಮಲಗಿದ್ದು, ಮೊಣಕಾಲಿನ ನೋವು ಇನ್ನೂ ಬಿಟ್ಟಿಲ್ಲದ್ದು, ಅದನ್ನು ಅವನಿಗೆ ಬರೆಸದೇ ಇದ್ದದ್ದು. ಎಲ್ಲ ಬಂತು.

ಅವರು ಎದ್ದ ಮೇಲೆ ನೋಡುತ್ತೇನೆ, ಕೆಂಪು ಗುಂಡಿ ಒಳಗೇ ಇದೆ.

ಉಮ್ಮನಿಗೆ ಹಾಕಿ ಕೇಳಿಸಿದೆ. ಅವರು ಕಣ್ಣರಳಿಸಿ ಕೇಳಿದರು. "ಈ ಮುದುಕಿ ಯಾರು? ಎಷ್ಟು ಮಾತಾಡ್ತಾಳೆ!" ತಮ್ಮದೇ ಸ್ವರ ಎಂದು ತಿಳಿದಾಗ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಆದರೆ ಬಾವಿಕಟ್ಟೆ ಬಂದ ಕೂಡಲೇ ನಗು ನಿಂತಿತು.

"ಇದೊಂದು ಅಳಿಸು ಮಗಳೇ. ಅವನು ಅಲ್ಲಿ ಒಬ್ಬನೇ ಕೂತು ಹೆದರ್ತಾನೆ. ಇದರ ಮೇಲೆ ಒಳ್ಳೆಯದು ಏನಾದರೂ ಹಾಕು."

ಟೇಪನ್ನು ಹಿಂದಕ್ಕೆ ತಿರುಗಿಸಿ, ಅಂದಾಜಿನ ಮೇಲೆ ನಿಲ್ಲಿಸಿ, ಉಮ್ಮನ ಕೈಯಲ್ಲಿ ಒಳ್ಳೆಯ ಮಾತು ಹೇಳಿಸಿ ಸೇರಿಸಿದೆ. ಮತ್ತೊಮ್ಮೆ ಕೇಳಿ ನೋಡಲು ಸಮಯವಿರಲಿಲ್ಲ. ದುಬೈಗೆ ಹೋಗಲು ಬೊಂಬಾಯಿಯ ಬಸ್ಸಿಗೆ ಹೊರಟಿದ್ದ ಉದ್ಯಾವರದವರೊಬ್ಬರು ಕ್ಯಾಸೆಟ್ಟಿಗಾಗಿ ಗೇಟಿನಲ್ಲಿ ನಿಂತಿದ್ದರು.

ಮಳೆ ಹಿಡಿದ ಮೇಲೆ ಉತ್ತರದ ಕ್ಯಾಸೆಟ್ಟು ಬಂತು. ಉಮ್ಮ, ಅಮ್ಮ, ನಾನು ಮೂವರೂ ಯಂತ್ರದ ಸುತ್ತ ಕೂತೆವು.

"ಉಮ್ಮಾ, ನೀವು ಹೇಳಿದ್ದು ಹೀಗೆ ಕೇಳಿಸ್ತು: 'ಬಾವಿಕಟ್ಟೆಯಲ್ಲಿ ಜಾರಿಬಿದ್ದು ಹದಿನೈದು ದಿನ ನಾವೆಲ್ಲರೂ ಇಲ್ಲಿ ಕ್ಷೇಮ.' ಇದರ ಅರ್ಥ ಎಂತ? ಎಲ್ಲರೂ ಒಟ್ಟಿಗೆ ಬಿದ್ದಿರಾ?"

ಅಮ್ಮ ನನ್ನನ್ನು ನೋಡಿದಳು. ನಾನು ಮಾಡಿನ ಹಂಚನ್ನು ನೋಡಿದೆ. ಉಮ್ಮ ಮಾತ್ರ ಹೊಟ್ಟೆ ಹಿಡಿದು ನಗತೊಡಗಿದರು. ನಗುತ್ತ ನಗುತ್ತಲೇ ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾವು ಕಾಣದ ಹಾಗೆ ಕೂತೆವು. ಅವನು ಮುಂದುವರಿಸಿದ್ದ: ರೂಮಿನಲ್ಲಿ ಎಂಟು ಜನ ಇದ್ದಾರಂತೆ, ಎಂಟು ಜನವೂ ಕ್ಯಾಸೆಟ್ಟು ಕೇಳಿದರಂತೆ. ಪಡುಬಿದ್ರಿಯವನೊಬ್ಬ ಪಕ್ಕದ ಮನೆಯ ಅಕ್ಕ ಬೈದದ್ದನ್ನು ನಾಲ್ಕು ಸಲ ಹಾಕಿಸಿಕೊಂಡನಂತೆ. ಅವನ ತಾಯಿ ಥೇಟ್ ಹಾಗೆಯೇ ಬೈಯುತ್ತಾರಂತೆ.

"ದೇವರೇ, ಎಂಟು ಜನರ ಎದುರಾ?" ಎಂದು ಅಮ್ಮ ಹಣೆಗೆ ಕೈಹಚ್ಚಿದಳು. ಆದರೆ ಮುಂದಿನ ಕ್ಯಾಸೆಟ್ಟಿನ ಹೊತ್ತಿಗೆ ತಾನಾಗಿಯೇ ಬಂದು, "ನಾನೆಂತದಾದರೂ ಹೇಳಬೇಕಾ?" ಎಂದು ಕೇಳಿದಳು. ಬೈಯಲು ವಿಷಯವಿಲ್ಲವೆಂದು ತಡವರಿಸುತ್ತಿದ್ದಾಗ ನಾನೇ ಒಂದು ಲೋಟ ಕೆಳಗೆ ಬೀಳಿಸಿಕೊಟ್ಟೆ.

ಮಗ ಆ ವರ್ಷ ಮೊದಲೇ ರಜೆ ಹಾಕಿ ಬಂದು, ಉಮ್ಮನನ್ನು ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮೊಣಕಾಲು ತೋರಿಸಿದ. ನೋವು ಪೂರ್ತಿ ಹೋಗಲಿಲ್ಲ, ಆದರೆ ಉಮ್ಮ ನಮ್ಮ ಮನೆಯವರೆಗೆ ನಡೆದು ಬರುವಷ್ಟಾಯಿತು. ಇಲ್ಲಿಯತನಕ ಮುಚ್ಚಿಟ್ಟದ್ದಕ್ಕೆ ಅವನು ಉಮ್ಮನಿಗೆ ಬೈದ. ನನಗೆ ಒಂದು ಪೆಟ್ಟಿಗೆ ಸಾಬೂನು ಕೊಟ್ಟ.

ನನ್ನ ಫಲಿತಾಂಶ ಸೆಕೆಂಡ್ ಕ್ಲಾಸು. ಕೆಲವು ತಿಂಗಳಲ್ಲಿ ಅಜೆಕಾರಿನ ಕಡೆಯ ಒಂದು ಶಾಲೆಯಲ್ಲಿ, ಹೆರಿಗೆ ರಜೆಗೆ ಹೋದ ಟೀಚರ ಜಾಗಕ್ಕೆ ಕೆಲಸ ಸಿಕ್ಕಿತು. ಕಾರ್ಕಳದಲ್ಲಿ ಸಂಬಂಧಿಕರ ಮನೆಯಲ್ಲಿ ಉಳಿಯುವುದೆಂದಾಯಿತು. ಸುದ್ದಿ ಹೇಳಲು ಹೋದಾಗ ಉಮ್ಮ ಸಂತೋಷಪಟ್ಟರು, ಆಮೇಲೆ ಟೇಪ್‌ರೆಕಾರ್ಡರಿನ ಕಡೆ ನೋಡಿದರು.

"ಇನ್ನು ಇದನ್ನು ಯಾರು ನಡೆಸುವುದು?"

ಅವರ ಎಲೆ-ಅಡಿಕೆಯ ಡಬ್ಬಿಯಿಂದ ಸುಣ್ಣ ತೆಗೆದು, ಒತ್ತಬೇಕಾದ ಎರಡು ಗುಂಡಿಗಳ ಮೇಲೆ ಒಂದೊಂದು ಬೊಟ್ಟು ಇಟ್ಟೆ. ಎರಡೂ ಒಟ್ಟಿಗೆ ಎಂದೆ. ಉಮ್ಮ ಎರಡು ಬೆರಳಿನಿಂದ ಒತ್ತಿದರು, ಚಕ್ರ ತಿರುಗಿತು. ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಊರಿಗೆ ಬಂದಾಗ ಕಂಡೆ: ಜಗಲಿಯಲ್ಲಿ ಮೂರು ಮನೆಯ ಹೆಂಗಸರು ತಮ್ಮ ತಮ್ಮ ಕ್ಯಾಸೆಟ್ಟು ಹಿಡಿದು ಕೂತಿದ್ದರು. ಉಮ್ಮ ಬೆರಳೆತ್ತಿ ಅವರಿಗೆ ಹೇಳುತ್ತಿದ್ದರು, "ಕನ್ನಡದಲ್ಲಿ ಬೇಡ, ಬಾಯಿಗೆ ಬಂದ ಹಾಗೆ ಮಾತಾಡಿ."